ರಿಕೆಟ್ಸ್ ರೋಗದ ಕಾರಣವಿಚಾರ: ಒಂದು ಚಾರಿತ್ರಿಕ ಸಮೀಕ್ಷೆ

1

ಅರಸರ ಆಳ್ವಿಕೆ, ಯುದ್ಧ, ಸಂಧಿಗಳ ವೃತ್ತಾಂತಕ್ಕೆ ನಮ್ಮ ಇತಿಹಾಸಗ್ರಂಥಗಳಲ್ಲಿ ದೊರೆತಿರುವ ಸ್ಥಾನವು ಜನಸಾಮಾನ್ಯರ ರೋಗರುಜಿನಗಳಿಗೆ ದೊರೆತಿಲ್ಲ. ಪ್ಲೇಗು, ಕಾಲರಾ, ಸಿಡುಬುಗಳಂತಹ ಮಾರಿಗಳು ಒಮ್ಮೆಗೇ ಸಹಸ್ರಾರು ಮಂದಿಯನ್ನು ಬಲಿತೆಗೆದುಕೊಂಡ ಕಾರಣ ಚರಿತ್ರಕಾರರ ದೃಷ್ಟಿಗೆ ಬಿದ್ದುವು. ಸದ್ದಿಲ್ಲದೆ ಮನೆಯೊಳಗೆ ಹುಟ್ಟಿ, ಕೊಲ್ಲುವುದಕ್ಕಿಂತ ಹೆಚ್ಚಾಗಿ ಅಂಗವನ್ನು ಊನಗೊಳಿಸುವ ವ್ಯಾಧಿಗಳು ಹಾಗೆ ಬೀಳಲಿಲ್ಲ. ಎಳೆಯ ಮಕ್ಕಳ ಎಲುಬುಗಳನ್ನು ಮೆತ್ತಗಾಗಿಸುವ ರಿಕೆಟ್ಸ್ ಇಂತಹ ವ್ಯಾಧಿಗಳಲ್ಲೊಂದು.

ಬೆಳೆಯುವ ಎಲುಬು ಗಟ್ಟಿಯಾಗಬೇಕಾದರೆ ಅದರಲ್ಲಿ ಸುಣ್ಣಾಂಶವೂ ರಂಜಕವೂ ಸೇರಿ ನೆಲೆಗೊಳ್ಳಬೇಕು. ಇವೆರಡೂ ತಕ್ಕಷ್ಟು ನೆಲೆಗೊಳ್ಳದಿದ್ದರೆ ಮಗುವಿನ ಮಣಿಕಟ್ಟು ಊದಿಕೊಳ್ಳುತ್ತದೆ. ಪಕ್ಕೆಲುಬುಗಳ ತುದಿಯಲ್ಲಿ ಮಣಿಸರದಂತೆ ಗಂಟುಗಳೇಳುತ್ತವೆ. ನೆತ್ತಿ ಕೂಡುವುದು ತಡವಾಗುತ್ತದೆ. ಮಗು ನಿಂತು ನಡೆಯತೊಡಗಿದಾಗ ಕಾಲುಗಳು ದೇಹದ ಭಾರಕ್ಕೆ ಬಿಲ್ಲಿನಂತೆ ಬಾಗುತ್ತವೆ. ಹೆಣ್ಣುಮಗುವಾದರೆ ಕಷ್ಟವು ಅಲ್ಲಿಗೇ ಮುಗಿಯುವುದಿಲ್ಲ. ಶೈಶವದಲ್ಲಿ ಸೊಟ್ಟಗಾದ ಸೊಂಟದೆಲುಬು ಇಪ್ಪತ್ತು ವರ್ಷಗಳ ಮೇಲೆ ಹೆರಿಗೆಯ ಹೊತ್ತಿನಲ್ಲಿ ದಾರಿಕಟ್ಟಿ ತಾಯಿಯ ಪ್ರಾಣಕ್ಕೂ ಶಿಶುವಿನ ಪ್ರಾಣಕ್ಕೂ ಮುಳುವಾಗುತ್ತದೆ.

ಈ ರೋಗದ ಇತಿಹಾಸದಲ್ಲಿ ಒಂದು ವಿಚಿತ್ರವುಂಟು. ಇದನ್ನು ಗುಣಪಡಿಸುವ ಎರಡು ಉಪಾಯಗಳು, ಬಿಸಿಲು ಮತ್ತು ಮೀನೆಣ್ಣೆ, 1820ರ ದಶಕದಲ್ಲಿಯೇ ಮುದ್ರಿತವಾಗಿ ಪ್ರಕಟವಾಗಿದ್ದುವು. ಹೀಗಿದ್ದರೂ ರೋಗದ ಕಾರಣವು ನಿಶ್ಚಿತವಾದುದು ಸುಮಾರು ನೂರು ವರ್ಷಗಳ ಮೇಲೆ, 1919ರಿಂದ 1924ರವರೆಗಿನ ಅಲ್ಪಾವಧಿಯಲ್ಲಿ. ಮದ್ದು ಕೈಯಲ್ಲಿದ್ದೂ ಕಾರಣವು ಕಾಣದೆ ಹೋದುದೇಕೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡಲು ಉದ್ದೇಶಿಸಿದ್ದೇವೆ. ವೈದ್ಯಶಾಸ್ತ್ರದ ಸೂಕ್ಷ್ಮಗಳು ನಮ್ಮ ಅಧಿಕಾರಕ್ಕೆ ಹೊರಗಿನವು. ಸಾಕ್ಷ್ಯವನ್ನು ತೂಗಿನೋಡುವುದು ಮಾತ್ರ ಇತಿಹಾಸದ ವಿದ್ಯಾರ್ಥಿಗೆ ಸ್ವಕ್ಷೇತ್ರವೆಂದು ನಂಬಿ ಈ ವಿಷಯವನ್ನು ಕೈಗೆತ್ತಿಕೊಂಡಿದ್ದೇವೆ.

2

ಲಂಡನ್ ನಗರದಲ್ಲಿ ವಾರವಾರವೂ ಸತ್ತವರ ಸಂಖ್ಯೆಯನ್ನು ಕಾರಣಸಹಿತವಾಗಿ ಅಚ್ಚುಹಾಕಿಸುವ ಪದ್ಧತಿಯಿತ್ತು. ಈ ಮರಣಪಟ್ಟಿಗಳನ್ನು ಮೊದಲು ಶಾಸ್ತ್ರೀಯವಾಗಿ ಪರಿಶೀಲಿಸಿದವನು ಜಾನ್ ಗ್ರಾಂಟ್ ಎಂಬ ವರ್ತಕ. ಆತನು 1662ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ರಿಕೆಟ್ಸ್ ಎಂಬ ಹೆಸರು ಪಟ್ಟಿಯಲ್ಲಿ ಮೊದಲು ಕಾಣಿಸಿಕೊಂಡುದು 1634ರಲ್ಲೆಂದೂ, ಆ ವರ್ಷ ಅದರಿಂದ ಸತ್ತವರು 14 ಮಂದಿಯೆಂದೂ, ಅಲ್ಲಿಂದ ಮುಂದೆ ಸಂಖ್ಯೆಯು ಏರುತ್ತ ಹೋಯಿತೆಂದೂ ತೋರಿಸಿದ್ದಾನೆ. ಇಷ್ಟಕ್ಕೇ ಆತನು ತೃಪ್ತನಾಗಲಿಲ್ಲ. ಹುಟ್ಟಿದುದು ಹೊಸ ರೋಗವೇ, ಇಲ್ಲವೆ ಹಳೆಯ ರೋಗಕ್ಕೆ ಬಂದ ಹೊಸ ಹೆಸರೇ ಎಂದು ಪ್ರಶ್ನಿಸಿಕೊಂಡನು. ಹೆಸರು ಮಾತ್ರ ಹೊಸದಾಗಿದ್ದಲ್ಲಿ, ಇದು ಪಟ್ಟಿಗೆ ಬಂದೊಡನೆ ಹಿಂದಿನ ಯಾವುದಾದರೂ ಒಂದು ಬಾಬಿನ ಸಂಖ್ಯೆ ಇಳಿದಿರಬೇಕೆಂದು ತರ್ಕಿಸಿ, ಯಕೃತ್ತಿನ ಬಾವಿನ ಲೆಕ್ಕವನ್ನು ಅದರ ಪಕ್ಕದಲ್ಲಿಟ್ಟು ನೋಡಿದನು. ಅದು ತಕ್ಕಷ್ಟು ಇಳಿದಂತೆ ತೋರದಿದ್ದುದರಿಂದ ರೋಗವು ಹೊಸದೇ ಇರಬೇಕೆಂಬ ನಿರ್ಣಯಕ್ಕೆ ಬಂದನು.

ಈ ನಿರ್ಣಯವು ಇಂದು ನಿಲ್ಲುವುದಿಲ್ಲ. ರೋಮನ್ನರ ಕಾಲದ ಮಕ್ಕಳ ಅಸ್ಥಿಗಳಲ್ಲಿಯೂ ರಿಕೆಟ್ಸ್‌ನ ಗುರುತುಗಳು ಸಿಕ್ಕಿವೆ. ರೋಮ್ ನಗರದ ಮಕ್ಕಳ ಕಾಲುಗಳು ಬಾಗುವುದನ್ನು ಎರಡನೆಯ ಶತಮಾನದ ವೈದ್ಯನಾದ ಸೊರೇನಸನು ಪ್ರಸ್ತಾಪಿಸಿದ್ದಾನೆ. ಆದರೆ ಗ್ರಾಂಟನ ಪ್ರಶ್ನೆ ಇಂದಿಗೂ ಮಾನ್ಯವಾದುದು. ಹೆಸರಿನ ಇತಿಹಾಸ ಬೇರೆ, ರೋಗದ ಇತಿಹಾಸ ಬೇರೆ. ನಮ್ಮಲ್ಲಿಯೂ ಈ ಎಚ್ಚರಿಕೆ ಅಗತ್ಯ. ಕಾಶ್ಯಪಸಂಹಿತೆಯಲ್ಲಿ ವರ್ಷ ತುಂಬಿದರೂ ನಡೆಯಲಾರದ ಶಿಶುವಿನ ವ್ಯಾಧಿಗೆ ಫಕ್ಕವೆಂಬ ಹೆಸರಿದೆ; ಅಂತಹ ಮಗುವಿಗೆ ನಡೆಯುವುದನ್ನು ಕಲಿಸಲು ಮೂರು ಗಾಲಿಯ ಸಣ್ಣ ರಥವೊಂದನ್ನು ಮಾಡಿಸಬೇಕೆಂಬ ವಿಧಿಯೂ ಇದೆ. ಇದನ್ನು ಕಂಡು ಫಕ್ಕವೆಂದರೆ ರಿಕೆಟ್ಸೇ ಎಂದು ಬರೆಯುವವರುಂಟು. ಮೊಲೆಹಾಲಿನ ದೋಷದಿಂದ, ಗರ್ಭದ ಕಾರಣದಿಂದ, ಬೇರೆ ವ್ಯಾಧಿಗಳಿಂದ ಎಂದು ಸಂಹಿತೆಯೇ ಅದನ್ನು ಮೂರು ಬಗೆಯಾಗಿ ವಿಂಗಡಿಸಿರುವುದರಿಂದ, ಬಡಕಲಾಗಿ ನಡಿಗೆ ತಡವಾಗುವ ಅನೇಕ ಅವಸ್ಥೆಗಳು ಆ ಒಂದು ಹೆಸರಿನಲ್ಲಿ ಸೇರಿವೆಯೆಂದು ಹೇಳುವುದೇ ಯುಕ್ತ.

ಇಂಗ್ಲೆಂಡಿನ ಈ ವ್ಯಾಧಿಯನ್ನು ಕುರಿತು ಡೇನಿಯಲ್ ವಿಸ್ಲರ್ 1645ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧವನ್ನೊಪ್ಪಿಸಿದನು. ಕೇಂಬ್ರಿಜಿನ ಪ್ರಾಧ್ಯಾಪಕ ಫ್ರಾನ್ಸಿಸ್ ಗ್ಲಿಸನ್ ಸಹವೈದ್ಯರೊಡನೆ ಸಮಾಲೋಚಿಸಿ 1650ರಲ್ಲಿ ಲ್ಯಾಟಿನ್ ಭಾಷೆಯ ಬೃಹದ್ಗ್ರಂಥವೊಂದನ್ನು ಪ್ರಕಟಿಸಿದನು. ಸತ್ತ ಮಕ್ಕಳ ದೇಹವನ್ನು ಕೊಯ್ದುನೋಡಿ, ಲಕ್ಷಣಗಳನ್ನು ಒಂದೊಂದಾಗಿ ವರ್ಣಿಸಿ, ಇತರ ವ್ಯಾಧಿಗಳಿಂದ ಇದನ್ನು ಬೇರ್ಪಡಿಸಿದ ಗ್ಲಿಸನನ ಗ್ರಂಥವು ಎರಡು ಶತಮಾನಗಳ ಕಾಲ ಆಧಾರವಾಗಿ ಉಳಿಯಿತು. ವರ್ಣನೆ ಇಷ್ಟು ನಿಷ್ಕೃಷ್ಟವಾಗಿದ್ದರೂ ಚಿಕಿತ್ಸೆ ಹಾಗಿರಲಿಲ್ಲ. ಬಾಗಿದ ಮೈಯನ್ನು ನೆಟ್ಟಗಾಗಿಸಲು ಮಗುವನ್ನು ಪಟ್ಟಿಗಳಿಂದ ಕಟ್ಟಿ ತೂಗುಹಾಕುವುದೂ ಅದರಲ್ಲೊಂದು. ರೋಗದ ರೂಪವನ್ನು ಅರಿತಮಾತ್ರಕ್ಕೆ ಅದರ ಮೂಲವನ್ನು ಅರಿತಂತಾಗುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

3

ಹದಿನೆಂಟನೆಯ ಶತಮಾನದ ಕೊನೆಯಿಂದ ಕೈಗಾರಿಕೆಗಳು ಬೆಳೆದುವು. ಹಳ್ಳಿಗಳನ್ನು ಬಿಟ್ಟುಬಂದ ಜನ ಇಕ್ಕಟ್ಟಾದ ಓಣಿಗಳಲ್ಲಿ ನೆಲಸಿದರು. ಕಲ್ಲಿದ್ದಲಿನ ಹೊಗೆ ನಗರಗಳ ಆಕಾಶವನ್ನು ಮುಸುಕಿತು. ರಿಕೆಟ್ಸ್ ಹಿಂದೆಂದೂ ಇಲ್ಲದಷ್ಟು ಹರಡಿತು. ಪೋಲೆಂಡಿನ ವೈದ್ಯ ಯೆಂಡ್ಜೆಯ್ ಶ್ನ್ಯಾದೆಟ್ಸ್ಕಿ 1822ರಲ್ಲಿ, ವಾರ್ಸಾ ನಗರದೊಳಗಿನ ಮಕ್ಕಳಲ್ಲಿ ಈ ರೋಗ ಹೆಚ್ಚೆಂದೂ ಹೊರಗಿನ ಹಳ್ಳಿಗಳಲ್ಲಿ ಕಡಿಮೆಯೆಂದೂ ಕಂಡು, ಮಕ್ಕಳನ್ನು ಬಯಲಿಗೆ ಕರೆದೊಯ್ದು ಮೈಗೆ ನೇರವಾಗಿ ಬಿಸಿಲು ತಾಗಿಸಬೇಕೆಂದು ಬರೆದನು. ಎರಡು ವರ್ಷಗಳ ತರುವಾಯ, 1824ರಲ್ಲಿ, ಜರ್ಮನಿಯ ಷ್ಯೂಟೆ ಎಂಬ ವೈದ್ಯನು ಕಾಡ್ ಮೀನಿನ ಯಕೃತ್ತಿನಿಂದ ತೆಗೆದ ಎಣ್ಣೆಯಿಂದ ರಿಕೆಟ್ಸ್ ವಾಸಿಯಾಗುವುದೆಂದು ಪ್ರಕಟಿಸಿದನು. ಉತ್ತರ ಸಮುದ್ರತೀರದ ಬೆಸ್ತರ ಮನೆಮದ್ದು ಹೀಗೆ ವೈದ್ಯರ ಗ್ರಂಥವನ್ನು ಸೇರಿತು. ಫ್ರಾನ್ಸಿನ ಅರ್ಮಾಂ ಟ್ರೂಸೋ 1860ರ ದಶಕದ ತನ್ನ ಉಪನ್ಯಾಸಗಳಲ್ಲಿ ಮೀನೆಣ್ಣೆಯನ್ನೂ ಬಿಸಿಲನ್ನೂ ಸಮರ್ಥಿಸಿದನಲ್ಲದೆ, ದೊಡ್ಡವರಲ್ಲಿ ಎಲುಬು ಮೆತ್ತಗಾಗುವ ವ್ಯಾಧಿಯೂ ರಿಕೆಟ್ಸೂ ಒಂದೇ ಎಂದು ಸಾರಿದನು.

ಈ ಮಾತುಗಳು ಏಕೆ ನೆಲೆಯೂರಲಿಲ್ಲ? ಎಣ್ಣೆ ಗುಟುಕರಿಸುವುದಕ್ಕೂ ಬಿಸಿಲಿನಲ್ಲಿ ಕೂರುವುದಕ್ಕೂ ಏನು ಸಂಬಂಧವೆಂಬುದು ಯಾರಿಗೂ ಹೊಳೆಯಲಿಲ್ಲ. ಒಂದು ರೋಗಕ್ಕೆ ಒಂದು ಕಾರಣ, ಒಂದು ಕಾರಣಕ್ಕೆ ಒಂದು ಮದ್ದು ಎಂಬ ನಂಬಿಕೆಯಿದ್ದ ಕಾಲದಲ್ಲಿ ಎರಡು ಮದ್ದುಗಳು ಪರಸ್ಪರ ಸಾಕ್ಷಿಗಳಾಗದೆ ಪ್ರತಿವಾದಿಗಳಾದುವು. ರೋಗಾಣುಗಳ ಶೋಧವಾದ ಮೇಲಂತೂ ವ್ಯಾಧಿಯೆಂದರೆ ಹೊರಗಿನಿಂದ ಒಳಹೊಕ್ಕ ಶತ್ರುವೆಂಬ ಭಾವನೆ ಬಲವಾಯಿತು. ಇಲ್ಲದ ವಸ್ತುವೊಂದು ರೋಗವನ್ನುಂಟುಮಾಡೀತೆಂಬ ವಿಚಾರಕ್ಕೆ ಅಲ್ಲಿ ಎಡೆಯಿರಲಿಲ್ಲ.

ಈ ವಿಳಂಬಕ್ಕೆ ಬೆಲೆತೆತ್ತವರು ತಾಯಂದಿರು ಮತ್ತು ಮಕ್ಕಳು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1888ರಲ್ಲಿ ಮರ್ಡಾಕ್ ಕ್ಯಾಮರೂನ್ ಎಂಬ ವೈದ್ಯನು ರಿಕೆಟ್ಸ್‌ನಿಂದ ಸೊಂಟ ಕಿರಿದಾಗಿದ್ದ ಗರ್ಭಿಣಿಯೊಬ್ಬಳ ಹೊಟ್ಟೆಯನ್ನು ಕೊಯ್ದು ಮಗುವನ್ನು ಹೊರತೆಗೆದನು. ತಾಯಿಯೂ ಮಗುವೂ ಬದುಕಿದರು. ಆಧುನಿಕ ಸಿಸೇರಿಯನ್ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಇದು ಕೀರ್ತಿವೆತ್ತ ಘಟನೆ. ಆದರೆ ಆ ಶಸ್ತ್ರದ ಅಗತ್ಯವನ್ನು ಹುಟ್ಟಿಸಿದುದು ಕಳೆದ ತಲೆಮಾರಿನ ಶಿಶುಗಳಿಗೆ ಬಿಸಿಲು ದೊರೆಯದೆ ಹೋದುದೇ ಎಂಬುದನ್ನು ನಾವು ಮರೆಯಬಾರದು.

4

ರೋಗವು ಎಲ್ಲಿದೆ, ಎಲ್ಲಿಲ್ಲ ಎಂದು ಕೇಳುವ ಭೂಗೋಳದ ಮಾರ್ಗವು ಶತಮಾನದ ಕೊನೆಯಲ್ಲಿ ಫಲಕೊಟ್ಟಿತು. ಬ್ರಿಟಿಷ್ ವೈದ್ಯಸಂಘದ ಪರವಾಗಿ ಐಸಂಬಾರ್ಡ್ ಓವೆನ್ 1889ರಲ್ಲಿ ಪ್ರಕಟಿಸಿದ ನಕ್ಷೆಗಳಲ್ಲಿ ರಿಕೆಟ್ಸ್ ಕೈಗಾರಿಕೆಯ ಪಟ್ಟಣಗಳ ಸುತ್ತ ದಟ್ಟವಾಗಿಯೂ ಗ್ರಾಮಾಂತರದಲ್ಲಿ ವಿರಳವಾಗಿಯೂ ಇದ್ದುದು ವ್ಯಕ್ತವಾಯಿತು. ಜಪಾನಿನಲ್ಲಿ ವೈದ್ಯ ಮಿಷನರಿಯಾಗಿದ್ದು ಸ್ವದೇಶಕ್ಕೆ ಮರಳಿದ ಥಿಯೋಬಾಲ್ಡ್ ಪಾಮ್, ಅಲ್ಲಿ ತಾನು ಕಾಣದಿದ್ದ ರೋಗವು ಇಲ್ಲಿ ಓಣಿ ಓಣಿಯಲ್ಲಿರುವುದೇಕೆಂದು ಬೆರಗಾದನು. ಏಷ್ಯದ ನಾನಾ ಭಾಗಗಳಲ್ಲಿದ್ದ ಮಿಷನರಿ ವೈದ್ಯರಿಗೆ ಪತ್ರ ಬರೆದು ಉತ್ತರಗಳನ್ನು ಸಂಗ್ರಹಿಸಿದನು. ಕೊಳಕೂ ಬಡತನವೂ ಹಸಿವೂ ತುಂಬಿದ್ದ, ಆದರೆ ಬಿಸಿಲು ಧಾರಾಳವಾಗಿದ್ದ ದೇಶಗಳಲ್ಲಿ ರಿಕೆಟ್ಸ್ ವಿರಳವೆಂದು ಆ ಪತ್ರಗಳು ತಿಳಿಸಿದುವು. ಸೂರ್ಯಪ್ರಕಾಶದ ಅಭಾವವೇ ಮುಖ್ಯ ಕಾರಣವೆಂದು ಪಾಮ್ 1890ರಲ್ಲಿ ಬರೆದು, ಮಕ್ಕಳಿಗೆ ಬಿಸಿಲಸ್ನಾನವನ್ನು ವಿಧಿಸಿದನು. ಪ್ರಯೋಗಶಾಲೆಯ ನೆರವಿಲ್ಲದೆ ಬರಿಯ ಪತ್ರವ್ಯವಹಾರದಿಂದ ಇಷ್ಟು ಹತ್ತಿರಕ್ಕೆ ಬಂದ ಆತನ ಮಾತಿಗೆ ಮನ್ನಣೆ ದೊರೆತುದು ಮೂವತ್ತು ವರ್ಷಗಳ ಮೇಲೆ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಎರಡು ಪಕ್ಷಗಳು ಎದುರುಬದುರಾಗಿ ನಿಂತುವು. ಗ್ಲಾಸ್ಗೋ ಪಕ್ಷದ ಲೆನರ್ಡ್ ಫಿಂಡ್ಲೆ 1908ರಲ್ಲಿ ನಾಯಿಮರಿಗಳನ್ನು ಕೂಡಿಹಾಕಿ ಸಾಕಿ, ಅಡ್ಡಾಡಲು ಬಿಟ್ಟ ಮರಿಗಳೊಡನೆ ಹೋಲಿಸಿ, ಬಂಧನವೇ ರೋಗಕಾರಣವೆಂದನು. ಲಂಡನ್ನಿನ ಎಡ್ವರ್ಡ್ ಮೆಲನ್ಬಿ ನಾಯಿಮರಿಗಳನ್ನು ಒಳಗೇ ಇರಿಸಿ ಓಟ್ ಧಾನ್ಯದ ಗಂಜಿ ಮೊದಲಾದ ಆಹಾರಗಳನ್ನು ಕೊಟ್ಟು ರಿಕೆಟ್ಸ್ ಬರಿಸಿದನು. ಮೀನೆಣ್ಣೆ ಬೆರೆಸಿದಾಗ ಅದು ನಿಂತಿತು. ಆದುದರಿಂದ ಆಹಾರದ ಕೊರತೆಯೇ ಕಾರಣವೆಂದು 1919ರಲ್ಲಿ ಪ್ರಕಟಿಸಿದನು. ಇಬ್ಬರೂ ಕಂಡುದು ನಿಜ. ಇಬ್ಬರೂ ಅಳೆಯದೆ ಬಿಟ್ಟುದೂ ಒಂದೊಂದುಂಟು. ಫಿಂಡ್ಲೆ ಬಂಧನದಲ್ಲಿ ವ್ಯಾಯಾಮದ ಅಭಾವವನ್ನು ಕಂಡನೇ ಹೊರತು ಬೆಳಕಿನ ಅಭಾವವನ್ನು ಕಾಣಲಿಲ್ಲ. ಮೆಲನ್ಬಿಯ ಮರಿಗಳು ಬಿಸಿಲನ್ನೇ ನೋಡದಿದ್ದುದರಿಂದ ಅವುಗಳ ಪಾಲಿಗೆ ಆಹಾರವೊಂದೇ ಗತಿಯಾಗಿತ್ತು. ಪ್ರಯೋಗದ ಏರ್ಪಾಟೇ ಉತ್ತರವನ್ನು ಮುಂಚಿತವಾಗಿ ಅರ್ಧದಷ್ಟು ನಿರ್ಧರಿಸಿತ್ತು.

ಅದೇ 1919ರಲ್ಲಿ, ಯುದ್ಧದಿಂದ ಬಳಲಿದ ಬರ್ಲಿನ್ ನಗರದಲ್ಲಿ ಕುರ್ಟ್ ಹುಲ್ಡ್‌ಷಿನ್ಸ್ಕಿ ಎಂಬ ಮಕ್ಕಳ ವೈದ್ಯನು ರಿಕೆಟ್ಸ್ ಪೀಡಿತ ಮಕ್ಕಳಿಗೆ ಪಾದರಸದ ದೀಪದಿಂದ ನೇರಿಳಾತೀತ ಕಿರಣಗಳನ್ನು ಹಾಯಿಸಿದನು. ಕ್ಷಕಿರಣಚಿತ್ರಗಳಲ್ಲಿ ಎಲುಬು ಗಟ್ಟಿಯಾಗುತ್ತಿರುವುದು ಕಂಡಿತು. ಒಂದು ತೋಳಿಗೆ ಮಾತ್ರ ಕಿರಣ ಬಿಟ್ಟರೂ ಇನ್ನೊಂದು ತೋಳಿನ ಎಲುಬೂ ಗುಣವಾಯಿತು. ಚರ್ಮದಲ್ಲಿ ಏನೋ ಒಂದು ಹುಟ್ಟಿ ರಕ್ತದ ಮೂಲಕ ಶರೀರವೆಲ್ಲಕ್ಕೂ ಹರಿಯುತ್ತಿರಬೇಕೆಂಬುದು ಇದರಿಂದ ಸೂಚಿತವಾಯಿತು. ನ್ಯೂಯಾರ್ಕಿನಲ್ಲಿ ಆಲ್ಫ್ರೆಡ್ ಹೆಸ್ ಮತ್ತು ಲೆಸ್ಟರ್ ಉಂಗರ್ 1921ರಲ್ಲಿ ಬರಿಯ ಬಿಸಿಲಿನಿಂದಲೇ ಮಕ್ಕಳನ್ನು ಗುಣಪಡಿಸಿದರು. ವಿಯೆನ್ನದ ಮಕ್ಕಳ ಆಸ್ಪತ್ರೆಯಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಆಕೆಯ ಸಹೋದ್ಯೋಗಿಗಳು ಮೀನೆಣ್ಣೆಯಿಂದಲೂ ಗುಣವಾಗುತ್ತದೆ, ಬೆಳಕಿನಿಂದಲೂ ಗುಣವಾಗುತ್ತದೆ ಎಂಬುದನ್ನು ಒಂದೇ ಆಸ್ಪತ್ರೆಯಲ್ಲಿ ನಿರ್ವಿವಾದವಾಗಿ ತೋರಿಸಿದರು.

5

ಈ ಸಂಶೋಧನೆಗಳಿಗೆ ನಮ್ಮ ದೇಶದಿಂದಲೂ ಒಂದು ಬಲವಾದ ಸಾಕ್ಷ್ಯ ಒದಗಿತು. ಅಂದಿನ ಮುಂಬಯಿ ಪ್ರಾಂತದ ನಾಸಿಕದಲ್ಲಿ ಹಚಿಸನ್ ಮತ್ತು ಷಾ ಎಂಬ ವೈದ್ಯರು ನಡೆಸಿದ ಸಮೀಕ್ಷೆಯು 1922ರಲ್ಲಿ ಬೆಳಕಿಗೆ ಬಂದಿತು. ಹೊಲಗದ್ದೆಗಳಲ್ಲಿ ದುಡಿಯುವ ಬಡವರ ಮಕ್ಕಳ ಊಟ ಅತ್ಯಲ್ಪ. ಆದರೆ ಅವರು ತಾಯಂದಿರೊಡನೆ ಬಯಲಿನಲ್ಲಿ ಬೆಳೆಯುತ್ತಿದ್ದರು. ಅವರಲ್ಲಿ ರಿಕೆಟ್ಸ್ ಕಾಣಲಿಲ್ಲ. ಗೋಷಾ ಪದ್ಧತಿಯನ್ನು ಪಾಲಿಸುತ್ತಿದ್ದ ಅನುಕೂಲಸ್ಥ ಹಿಂದೂ ಮತ್ತು ಮುಸಲ್ಮಾನ ಕುಟುಂಬಗಳಲ್ಲಿ ಊಟ ಉತ್ತಮವಾಗಿತ್ತು. ಆದರೆ ಶಿಶುಗಳು ತಾಯಂದಿರೊಡನೆ ಮಬ್ಬುಗತ್ತಲೆಯ ಒಳಮನೆಗಳಲ್ಲಿಯೇ ಉಳಿಯುತ್ತಿದ್ದುವು. ರೋಗವು ಕಾಣಿಸಿಕೊಂಡುದು ಅಲ್ಲಿ.

ಈ ಸಾಕ್ಷ್ಯದ ಬೆಲೆ ಎಷ್ಟೆಂಬುದನ್ನು ಗಮನಿಸಬೇಕು. ಐರೋಪ್ಯ ನಗರಗಳಲ್ಲಿ ಬಡತನ, ಅಲ್ಪಾಹಾರ, ಇಕ್ಕಟ್ಟು, ಹೊಗೆ, ಕತ್ತಲೆಗಳು ಒಟ್ಟೊಟ್ಟಿಗೇ ಇದ್ದುವು. ಆದಕಾರಣ ಯಾವುದು ಕಾರಣ, ಯಾವುದು ಬರಿಯ ಜೊತೆಗಾರ ಎಂದು ವಿಂಗಡಿಸುವುದು ಕಠಿನವಾಗಿತ್ತು. ನಾಸಿಕದಲ್ಲಿ ಬಡತನವು ಬೆಳಕಿನೊಡನೆಯೂ ಸಿರಿತನವು ಕತ್ತಲೆಯೊಡನೆಯೂ ಕೂಡಿದ್ದುವು. ಹೆಣೆದುಕೊಂಡಿದ್ದ ಎಳೆಗಳು ಅಲ್ಲಿ ತಾವಾಗಿಯೇ ಬೇರ್ಪಟ್ಟಿದ್ದುವು. ಪ್ರಯೋಗಶಾಲೆಯಲ್ಲಿ ಏರ್ಪಡಿಸಬೇಕಾಗಿದ್ದುದನ್ನು ಸಮಾಜವೇ ಏರ್ಪಡಿಸಿಟ್ಟಿತ್ತು. ಕಾಶ್ಮೀರದಲ್ಲಿ ವೈದ್ಯೆಯಾಗಿದ್ದ ಕ್ಯಾಥ್ಲೀನ್ ವಾನ್ 1928ರಲ್ಲಿ ಪ್ರಕಟಿಸಿದ ಪುಸ್ತಕವೂ ಇದೇ ದಿಕ್ಕಿನದು. ದೋಣಿಗಳಲ್ಲಿಯೂ ಹೊಲಗಳಲ್ಲಿಯೂ ದುಡಿಯುವ ಹೆಂಗಸರಿಗೆ ಸುಲಭವಾಗಿದ್ದ ಹೆರಿಗೆಯು ಶ್ರೀನಗರದ ಗೋಷಾ ಹೆಂಗಸರಿಗೆ ಮೃತ್ಯುಸಮಾನವಾಗಿದ್ದುದನ್ನು ಆಕೆ ವಿವರಿಸಿದ್ದಾಳೆ.

ಎಣ್ಣೆ ಮತ್ತು ಬಿಸಿಲುಗಳ ಒಗಟು ಕಡೆಗೂ ಬಿಡಿಸಿಕೊಂಡಿತು. ಅಮೆರಿಕದ ಮೆಕಾಲಮ್ 1922ರಲ್ಲಿ ಮೀನೆಣ್ಣೆಯನ್ನು ಕಾಯಿಸಿ ಅದರೊಳಗೆ ಗಾಳಿ ಹಾಯಿಸಿ ‘ಎ’ ಜೀವಸತ್ತ್ವವನ್ನು ನಾಶಮಾಡಿದನು. ರಿಕೆಟ್ಸ್ ಗುಣಪಡಿಸುವ ಶಕ್ತಿ ಹಾಗೆಯೇ ಉಳಿಯಿತು. ಆ ಬೇರೊಂದು ವಸ್ತುವಿಗೆ ‘ಡಿ’ ಜೀವಸತ್ತ್ವವೆಂದು ಹೆಸರಾಯಿತು. ವಿಸ್ಕಾನ್ಸಿನ್ನಿನಲ್ಲಿ ಸ್ಟೀನ್‌ಬಾಕ್, ನ್ಯೂಯಾರ್ಕಿನಲ್ಲಿ ಹೆಸ್, ಇಬ್ಬರೂ 1924ರಲ್ಲಿ ಆಹಾರಕ್ಕೇ ನೇರಿಳಾತೀತ ಕಿರಣಗಳನ್ನು ಹಾಯಿಸಿ ಅದರಲ್ಲಿ ಆ ಗುಣ ಹುಟ್ಟುವುದನ್ನು ತೋರಿಸಿದರು. ಜರ್ಮನಿಯ ವಿಂಡೌಸ್‌ಗೆ ಈ ವರ್ಗದ ವಸ್ತುಗಳ ರಸಾಯನಕ್ಕಾಗಿ 1928ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕೊಬ್ಬಿನ ಜಾತಿಯ ಒಂದು ವಸ್ತು ನಮ್ಮ ಚರ್ಮದಲ್ಲಿದೆ. ಬಿಸಿಲಿನ ನೇರಿಳಾತೀತ ಕಿರಣಗಳು ಬಿದ್ದಾಗ ಅದು ‘ಡಿ’ ಜೀವಸತ್ತ್ವವಾಗುತ್ತದೆ. ಮೀನು ಅದನ್ನೇ ತನ್ನ ಯಕೃತ್ತಿನಲ್ಲಿ ಕೂಡಿಟ್ಟುಕೊಂಡಿರುತ್ತದೆ. ಶ್ನ್ಯಾದೆಟ್ಸ್ಕಿಯೂ ಷ್ಯೂಟೆಯೂ ಹೇಳಿದುದು ಒಂದೇ ಮಾತೆಂಬುದು ಹೀಗೆ ನೂರು ವರ್ಷಗಳ ಮೇಲೆ ತಿಳಿಯಿತು. ಈ ವಸ್ತು ಯಕೃತ್ತಿನಲ್ಲಿಯೂ ಬಳಿಕ ಮೂತ್ರಪಿಂಡದಲ್ಲಿಯೂ ರೂಪಾಂತರ ಹೊಂದಿದ ಮೇಲೆಯೇ ಸುಣ್ಣಾಂಶವನ್ನು ಕರುಳಿನಿಂದ ರಕ್ತಕ್ಕೆ ಸೆಳೆಯುವುದೆಂಬುದು 1968ರಿಂದ 1971ರವರೆಗಿನ ಸಂಶೋಧನೆಗಳಿಂದ ಸ್ಪಷ್ಟಪಟ್ಟಿತು.

6

ಕಾರಣ ತಿಳಿದೊಡನೆ ಕಥೆ ಮುಗಿಯಿತೆಂದು ಭಾವಿಸುವುದು ತಪ್ಪಾದೀತು. ಗ್ಲಾಸ್ಗೋವಿಗೆ ವಲಸೆಹೋದ ಪಾಕಿಸ್ತಾನೀ ಕುಟುಂಬಗಳಲ್ಲಿ ರಿಕೆಟ್ಸ್ ಮತ್ತೆ ಕಾಣಿಸಿಕೊಂಡಿದೆಯೆಂದು 1962ರಲ್ಲಿ ವರದಿಯಾಯಿತು. ನೈಜೀರಿಯದ ಮಕ್ಕಳಲ್ಲಿ ಆಹಾರದ ಸುಣ್ಣಾಂಶದ ಕೊರತೆಯೇ ಮುಖ್ಯವೆಂದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬಿಸಿಲೊಂದೇ ಎಲ್ಲಕ್ಕೂ ಮದ್ದೆಂಬ ನಂಬಿಕೆಯೂ ಹೀಗೆ ತಿದ್ದುಪಡಿಗೊಳಗಾಯಿತು. ದೆಹಲಿಯ ಹೊಗೆ ಮುಸುಕಿದ ಬಡಾವಣೆಯ ಶಿಶುಗಳ ರಕ್ತದಲ್ಲಿ ‘ಡಿ’ ಜೀವಸತ್ತ್ವವು ತಿಳಿಯಾದ ಗಾಳಿಯಿರುವೆಡೆಯ ಶಿಶುಗಳಲ್ಲಿರುವುದಕ್ಕಿಂತ ಕಡಿಮೆಯೆಂದು 2002ರ ಅಧ್ಯಯನವೊಂದು ತಿಳಿಸಿತು. ಬಿಸಿಲಿನ ದೇಶದಲ್ಲಿ ಈ ರೋಗವಿಲ್ಲವೆಂಬ ಪಾಮನ ಸೂತ್ರವನ್ನು ನಾವು ಹೀಗೆ ತಿದ್ದಿಕೊಳ್ಳಬೇಕಾಗಿದೆ: ಆಕಾಶದಲ್ಲಿ ಬಿಸಿಲಿದ್ದರೆ ಸಾಲದು, ಅದು ಮಗುವಿನ ಮೈಗೆ ತಲುಪಬೇಕು.

ನಮ್ಮ ನಾಡಿನಲ್ಲಿ ಎಳೆಗೂಸಿಗೆ ಎಣ್ಣೆಯೊತ್ತಿ ಎಳೆಬಿಸಿಲಿಗೆ ಹಿಡಿಯುವ ರೂಢಿಯುಂಟು. ನಮ್ಮ ಹಿರಿಯರು ಎಲ್ಲವನ್ನೂ ಅರಿತಿದ್ದರೆಂಬುದಕ್ಕೆ ಇದನ್ನು ಪ್ರಮಾಣವಾಗಿ ಕೊಡುವುದೂ ಉಂಟು. ಮೈಗೆ ಹಚ್ಚುವ ಎಳ್ಳೆಣ್ಣೆ ಕೊಬ್ಬರಿಯೆಣ್ಣೆಗಳು ಮೀನೆಣ್ಣೆಯಲ್ಲ. ಮುಂಜಾವಿನ ಓರೆಬಿಸಿಲಿನಲ್ಲಿ ಬೇಕಾದ ಕಿರಣಗಳು ಅತ್ಯಲ್ಪ. ಅದೇ ಹಿರಿಯರು ಬಾಣಂತಿಯನ್ನೂ ಶಿಶುವನ್ನೂ ಗಾಳಿಬೆಳಕಿಲ್ಲದ ಕೋಣೆಯಲ್ಲಿ ಇರಿಸುತ್ತಿದ್ದುದೂ ಅಷ್ಟೇ ನಿಜ. ಒಂದು ರೂಢಿಯನ್ನು ಹಿಡಿದು ಹೊಗಳುವುದೂ ಇನ್ನೊಂದನ್ನು ಹಿಡಿದು ಹಳಿಯುವುದೂ ಇತಿಹಾಸಕಾರನ ಕೆಲಸವಲ್ಲ. ಎರಡನ್ನೂ ಒಂದೇ ಮನೆಯಲ್ಲಿ ಕಂಡು, ಯಾವ ಮಗು ಎಷ್ಟು ಹೊತ್ತು ಎಲ್ಲಿತ್ತು ಎಂದು ವಿಚಾರಿಸುವುದು ಆತನ ಕೆಲಸ.

ಮೇಲೆ ವಿವೇಚಿಸಿದ ಸಂಗತಿಗಳಿಂದ ನಮಗೆ ತೋರುವ ಅಭಿಪ್ರಾಯವಿಷ್ಟು. ಒಂದು ಶತಮಾನದ ವಿಳಂಬಕ್ಕೆ ಕಾರಣ ಸಾಕ್ಷ್ಯದ ಅಭಾವವಲ್ಲ. ಎರಡು ಸಾಕ್ಷ್ಯಗಳು ಒಂದನ್ನೊಂದು ಅಲ್ಲಗಳೆಯುತ್ತವೆಂದು ಅವಸರದಿಂದ ಭಾವಿಸಿದುದೇ ಕಾರಣ. ಗ್ಲಾಸ್ಗೋ ಪಕ್ಷವು ಲಂಡನ್ ಪಕ್ಷವನ್ನು ಸೋಲಿಸಲಿಲ್ಲ. ಇಬ್ಬರ ಮಾತೂ ನಿಜವಾಗುವಂತಹ ಮೂರನೆಯ ನೆಲೆಯೊಂದು ಕಂಡಾಗ ವಿವಾದವು ತಾನಾಗಿಯೇ ಶಮನವಾಯಿತು. ಬಡತನವೇ ಇದಕ್ಕೆ ಕಾರಣವೆಂಬ ಸುಲಭದ ಮಾತನ್ನು ನಾಸಿಕದ ಸಿರಿವಂತರ ಮಕ್ಕಳು ಸುಳ್ಳಾಗಿಸಿದರು. ಸಾಮಾಜಿಕ ಇತಿಹಾಸದಲ್ಲಿ ಯಾವುದೊಂದು ಅನಿಷ್ಟಕ್ಕೆ ಕಾರಣ ಹುಡುಕುವಾಗಲೂ, ಸಾಮಾನ್ಯವಾಗಿ ಒಟ್ಟಿಗಿರುವ ಸಂಗತಿಗಳು ಎಲ್ಲಿಯಾದರೂ ಬೇರೆ ಬೇರೆಯಾಗಿ ನಿಂತಿವೆಯೇ ಎಂದು ಮೊದಲು ಅರಸಬೇಕೆಂಬುದು ಈ ವೃತ್ತಾಂತದ ಪಾಠ.

ನಮ್ಮ ಜಿಲ್ಲೆಗಳ ಹಳೆಯ ಆಸ್ಪತ್ರೆಗಳ ದಾಖಲೆಗಳನ್ನೂ ಹೆರಿಗೆಮನೆಗಳ ವರದಿಗಳನ್ನೂ ಈ ದೃಷ್ಟಿಯಿಂದ ಓದುವ ಕೆಲಸ ನಮ್ಮ ವಿದ್ಯಾರ್ಥಿಗಳಿಗೆ ತಕ್ಕುದಾಗಿದೆ. ಮನೆಗಳ ಕಟ್ಟಡ, ಹೆಂಗಸರ ದುಡಿಮೆ, ಶಿಶುಪಾಲನೆಯ ರೂಢಿ, ಊಟದ ಪದಾರ್ಥ ಇವುಗಳನ್ನು ಅವುಗಳ ಪಕ್ಕದಲ್ಲಿಟ್ಟು ನೋಡಿದರೆ, ಅರಸರ ಶಾಸನಗಳಲ್ಲಿ ಎಂದೂ ಕೆತ್ತದಿದ್ದ ಒಂದು ಇತಿಹಾಸ ತೆರೆದುಕೊಂಡೀತು. ಆ ಕಡೆಗೆ ಕೆಲವರ ಗಮನವನ್ನಾದರೂ ಸೆಳೆಯಲು ಶಕ್ಯವಾದರೆ ನಮ್ಮ ಈ ಸಮೀಕ್ಷೆ ಸಾರ್ಥಕವೆಂದು ತಿಳಿಯುತ್ತೇವೆ.